ಮನೆ ಮೇಲೆ ಮನೆ ಕಟ್ಟುವಾಗ ನಾವು ಕೇಳಬೇಕಾದ ಪ್ರಶ್ನೆಗಳು

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ಅಂತ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ಮನೆಯ ವಿಷಯ ಮಾತಾಡೋಣ. ಪೇಟೆಯ ಅಂಚಿನ ಹಳೇ ಕಾಲೊನಿಗಳನ್ನು, ಕೊಳೆಗೇರಿಗಳನ್ನು ಕೆಡವಿ ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡ ಕಟ್ಟುವ ಯೋಜನೆಗಳು ಎಲ್ಲ ಕಡೆ ಬರ್ತಾ ಇವೆ. ಇಂಥ ಯೋಜನೆ ಬಂದಲ್ಲೆಲ್ಲ ಜನ ಎರಡು ಪಕ್ಷ ಆಗ್ತಾರೆ.

ಒಂದು ಪಕ್ಷದವರು ಹೇಳೋದು: ಭೂಮಿ ಇರುವುದು ಇಷ್ಟೇ, ಜನ ಹೆಚ್ಚುತ್ತಿದ್ದಾರೆ. ಮೇಲಕ್ಕೆ ಕಟ್ಟದಿದ್ದರೆ ಬಡವರನ್ನು ಊರಾಚೆಗೆ ದೂಡಬೇಕಾಗುತ್ತದೆ. ಆಗ ಕೆಲಸ ಹೋಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ. ಇನ್ನೊಂದು ಪಕ್ಷದವರು ಹೇಳೋದು: ಇರುವ ಮನೆಗಳಿಗೇ ನೀರು ಸಾಲದು, ಚರಂಡಿ ತುಂಬಿ ಹರಿಯುತ್ತದೆ, ಇನ್ನಷ್ಟು ಮನೆ ತುಂಬಿದರೆ ಗತಿ ಏನು? ಎರಡೂ ಮಾತಿನಲ್ಲಿ ನಿಜ ಇದೆ. ಹಾಗಾಗಿ 'ಬೇಕು' ಅಥವಾ 'ಬೇಡ' ಅಂತ ಕೈ ಎತ್ತುವ ಮೊದಲು, ಹೇಗೆ ಕಟ್ಟುತ್ತಾರೆ, ಹೆಚ್ಚುವರಿ ಜಾಗ ಯಾರಿಗೆ ಸೇರುತ್ತದೆ ಅಂತ ಕೇಳಬೇಕು.

ಮೊದಲು ಒಂದು ಲೆಕ್ಕ ತಿಳಿಯೋಣ. 30 ಅಡಿ, 40 ಅಡಿಯ ಸೈಟು ಅಂದರೆ 1200 ಚದರ ಅಡಿ. ಅನುಪಾತ 1 ಅಂದರೆ ಎಲ್ಲ ಮಹಡಿ ಸೇರಿ 1200 ಚದರ ಅಡಿ ಕಟ್ಟಬಹುದು. 3 ಅಂದರೆ 3600 ಚದರ ಅಡಿ. ಇದನ್ನು ಬೆಂಗಳೂರಿನಲ್ಲಿ ಎಫ್‌ಎಆರ್ ಅಂತಾರೆ, ಮುಂಬೈಯಲ್ಲಿ ಎಫ್‌ಎಸ್‌ಐ ಅಂತಾರೆ. ನೆಲ ಅಷ್ಟೇ ಇರುತ್ತದೆ, ಈ ಅಂಕಿ ಏರಿದರೆ ಅದರ ಬೆಲೆ ಏರುತ್ತದೆ. ಚರ್ಚೆಯ ಬೇರು ಇಲ್ಲಿದೆ.

ಮುಂಬೈಯನ್ನೇ ನೋಡಿ. ನಮ್ಮ ಕರಾವಳಿಯ ಎಷ್ಟೋ ಮನೆಯವರು ಅಲ್ಲಿ ದುಡಿಯುತ್ತಾರೆ. ಅಲ್ಲಿ 1995ರಿಂದ ಕೊಳೆಗೇರಿ ಪುನರ್ವಸತಿ ಯೋಜನೆ ನಡೆದಿದೆ. ಬಿಲ್ಡರ್ ನಿವಾಸಿಗಳಿಗೆ ಮನೆ ಕಟ್ಟಿಕೊಡಬೇಕು. ಪ್ರತಿಯಾಗಿ ಹೆಚ್ಚುವರಿ ಮನೆ ಕಟ್ಟಿ ಮಾರಿಕೊಳ್ಳಬಹುದು. ಕೊಡುವ ಮನೆ ಮೊದಲು 225 ಚದರ ಅಡಿ ಇತ್ತು, ಆಮೇಲೆ 269, 2018ರ ನಿಯಮದಲ್ಲಿ 300 ಚದರ ಅಡಿ ಆಯಿತು. ಇದು ಸಣ್ಣ ಲಾಭ ಅಲ್ಲ. ಹರಿದ ಟಾರ್ಪಾಲಿನ ಕೆಳಗೆ ಮಳೆಗಾಲ ಕಳೆದವರಿಗೆ ಬಾಗಿಲು, ಬೀಗ, ಒಳಗೇ ಶೌಚಾಲಯ ಇರುವ ಮನೆಯ ಬೆಲೆ ಗೊತ್ತು.

ಆದರೆ ಅದೇ ಮುಂಬೈಯ ಪೂರ್ವ ಉಪನಗರದ ಗೋವಂಡಿ, ಮಾನಖುರ್ದ್ ಕಡೆ ಹೋಗಿ. ರೈಲು ಹಳಿ, ರಸ್ತೆ ಅಗಲ ಮಾಡುವಾಗ ಎಬ್ಬಿಸಿದ ಸಾವಿರಾರು ಕುಟುಂಬಗಳನ್ನು ಅಲ್ಲಿನ ಲಲ್ಲುಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್ ಎಂಬ ಕಾಲೊನಿಗಳಲ್ಲಿ ಕೂರಿಸಿದರು. ಕಟ್ಟಡದಿಂದ ಕಟ್ಟಡಕ್ಕೆ ಸುಮಾರು 3 ಮೀಟರ್ ಅಂತರ, ಅಷ್ಟೇ. ಕೆಳಗಿನ ಮಹಡಿಗಳಲ್ಲಿ ಹಗಲೂ ದೀಪ ಹಾಕಬೇಕು. ಸಂದಿಯಲ್ಲಿ ಕಸದ ವಾಸನೆ ಅಂತ ಕಿಟಕಿಯನ್ನೂ ಮುಚ್ಚುತ್ತಾರೆ. 2018ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, ಹೆಚ್ಚು ಅಂತರ ಬಿಟ್ಟು ಕಟ್ಟಿದ ಹತ್ತಿರದ ಕಾಲೊನಿಗಿಂತ ಈ ಎರಡರಲ್ಲಿ ಕ್ಷಯರೋಗ ಬಹಳ ಹೆಚ್ಚು ಕಂಡಿತು; ಅದರಲ್ಲೂ ಕೆಳಗಿನ ಮಹಡಿಗಳಲ್ಲಿ ಜಾಸ್ತಿ. ಹಗಲು ಹೊತ್ತು ಮನೆಯೊಳಗೆ ಇರುವವರು ಯಾರು? ಹೆಂಗಸರು, ಮಕ್ಕಳು, ವಯಸ್ಸಾದವರು. ಮಹಡಿ ಎಷ್ಟಾದರೂ ಇರಲಿ, ನಡುವೆ ಗಾಳಿ ಬೆಳಕಿಗೆ ಜಾಗ ಬಿಡದೆ ಇದ್ದರೆ ಅದರ ಪೆಟ್ಟು ಇವರಿಗೇ.

ಬೆಂಗಳೂರಿನ ಈಜಿಪುರದ ಕಥೆ ಬೇರೆ ಥರ. ಬಡವರಿಗಾಗಿ ಪಾಲಿಕೆ ಕಟ್ಟಿಸಿದ್ದ ವಸತಿ ಬ್ಲಾಕುಗಳಲ್ಲಿ ಒಂದು 2007ರಲ್ಲಿ ಕುಸಿಯಿತು. ಎಲ್ಲ ಕೆಡವಿ ಖಾಸಗಿ ಸಹಭಾಗಿತ್ವದಲ್ಲಿ ಹೊಸದಾಗಿ ಕಟ್ಟುವ ಯೋಜನೆಯಾಯಿತು. ಸುಮಾರು ಅರ್ಧ ಜಾಗ ಮನೆಗಳಿಗೆ, ಉಳಿದದ್ದು ವಾಣಿಜ್ಯ ಕಟ್ಟಡಕ್ಕೆ. ಅಂದರೆ ಬಡವರ ಮನೆಗಳು ಒತ್ತೊತ್ತಾಗಬೇಕು, ಬಿಟ್ಟ ಜಾಗ ಬೇರೆಯವರಿಗೆ. 2013ರ ಜನವರಿಯಲ್ಲಿ ನೂರಾರು ಕುಟುಂಬಗಳನ್ನು ಎಬ್ಬಿಸಿದರು. ಎಷ್ಟೋ ಜನ ಫುಟ್‌ಪಾತಿನಲ್ಲೇ ಉಳಿದರು. ಹತ್ತು ವರ್ಷ ಕಳೆದು 2023 ಬಂದರೂ ಹೊಸ ಮನೆಗಳು ಎದ್ದಿರಲಿಲ್ಲ.

ಹಾಗಾದರೆ ನಮ್ಮಂಥವರು ಏನು ಮಾಡಬಹುದು? ಮುಂಬೈಯ ಬೈಕುಲ್ಲಾದ ಫುಟ್‌ಪಾತಿನಲ್ಲಿ ಬದುಕುತ್ತಿದ್ದ ಹೆಂಗಸರು 1986ರಲ್ಲಿ 'ಮಹಿಳಾ ಮಿಲನ್' ಎಂಬ ಉಳಿತಾಯ ಗುಂಪು ಕಟ್ಟಿದರು. ಅವರೂ ನಮ್ಮ ಹಾಗೆ ಚಿಲ್ಲರೆ ಕೂಡಿಟ್ಟವರೇ. ತಮಗೆ ಎಂಥ ಮನೆ ಬೇಕು ಅಂತ ನಿಜವಾದ ಅಳತೆಯಲ್ಲೇ ಮಾದರಿ ಮನೆ ಮಾಡಿ ತೋರಿಸಿದರು. ಅಧಿಕಾರಿಗಳು ಬಂದು ನೋಡಬೇಕಾಯಿತು. ಅಳತೆ ಗೊತ್ತಿರುವ ಹೆಂಗಸನ್ನು ಸುಲಭವಾಗಿ ಯಾಮಾರಿಸಲು ಆಗೋದಿಲ್ಲ!

ನಿಮ್ಮ ಬಡಾವಣೆಗೆ ಯೋಜನೆ ಬಂದರೆ ಈ ಪ್ರಶ್ನೆಗಳನ್ನು ಕೇಳಿ:

1. ಕಟ್ಟಡಗಳ ನಡುವೆ ಎಷ್ಟು ಅಂತರ? ಅಡುಗೆಮನೆಗೆ ಕಿಟಕಿ ಇದೆಯಾ, ಅದು ಯಾವ ಕಡೆ ತೆರೆಯುತ್ತದೆ?

2. ಹೆಚ್ಚುವ ಮನೆಗಳಿಗೆ ನೀರು ಎಲ್ಲಿಂದ? ಕೊಳಚೆ ನೀರು ಎಲ್ಲಿಗೆ?

3. ಲಿಫ್ಟು, ಪಂಪು, ಮೆಟ್ಟಿಲ ದೀಪದ ಖರ್ಚು ತಿಂಗಳಿಗೆ ಎಷ್ಟು, ಯಾರು ಕೊಡಬೇಕು?

4. ಕಟ್ಟಿ ಮುಗಿಸುವ ತನಕ ನಾವು ಎಲ್ಲಿರಬೇಕು, ಬಾಡಿಗೆ ಯಾರು ಕೊಡ್ತಾರೆ, ಎಷ್ಟು ತಿಂಗಳು?

5. ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರು ಇರುತ್ತದಾ? ಬಾಡಿಗೆಗೆ ಇರುವವರ ಗತಿ ಏನು?

6. ಒಟ್ಟು ಜಾಗದಲ್ಲಿ ನಮಗೆಷ್ಟು, ಮಾರಾಟಕ್ಕೆಷ್ಟು?

ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಬರಲಿ. ಆಕ್ಷೇಪಣೆ ಕರೆದಾಗ ಕೊನೇ ದಿನ ಯಾವುದು ಅಂತ ತಿಳಿದು, ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ಎಲ್ಲರ ಸಹಿ ಹಾಕಿ ಅರ್ಜಿ ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಬರಬೇಡಿ. ಓದದೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮನೆಯ ಗಂಡಸರು ಹೇಳಿದರು ಅಂತಲೂ ಒತ್ತಬೇಡಿ.

ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ಸೀಮೆಸುಣ್ಣದಿಂದ ನೆಲದ ಮೇಲೆ 15 ಅಡಿ ಉದ್ದ, 20 ಅಡಿ ಅಗಲ ಗೆರೆ ಎಳೆಯಿರಿ. ಅದೇ 300 ಚದರ ಅಡಿ. ಒಲೆ ಎಲ್ಲಿ, ಮಂಚ ಎಲ್ಲಿ, ಹೊಲಿಗೆ ಮಿಷನ್ ಎಲ್ಲಿ ಅಂತ ಇಟ್ಟು ನೋಡಿ. ಆಮೇಲೆ ಸಾರ್ವಜನಿಕ ಸಭೆಗೆ ಹೋಗಿ ಮಾತಾಡಿ.