ತೆರೆಯ ಮೇಲಿನ ರಣರಂಗ: ಎಷ್ಟು ನಿಜ, ಎಷ್ಟು ನಟನೆ?

‘ಯುದ್ಧಸ್ಯ ಕಥಾ ರಮ್ಯಾ’ ಎಂಬುದು ಹಳೆಯ ಮಾತು. ಯುದ್ಧ ಮಾಡುವವನಿಗಲ್ಲ, ದೂರದಲ್ಲಿ ಕುಳಿತು ಅದರ ಕತೆ ಕೇಳುವವನಿಗೆ ಮಾತ್ರ ಅದು ಹಿತ ಎಂಬ ಸಣ್ಣ ವ್ಯಂಗ್ಯವೂ ಈ ಮಾತಿನಲ್ಲಿ ಅಡಗಿದೆ. ಇತ್ತೀಚಿನ ದಶಕಗಳ ಯುದ್ಧ ಚಲನಚಿತ್ರಗಳು ಈ ರಮ್ಯತೆಯನ್ನೇ ತಿರಸ್ಕರಿಸಿ ಹೊರಟಿವೆ. ತಾವು ತೋರಿಸುವುದು ಯಥಾರ್ಥ ಎಂಬುದು ಅವುಗಳ ಘೋಷಣೆ. ಸಮವಸ್ತ್ರದ ಗುಂಡಿಯಿಂದ ಹಿಡಿದು ಬಂದೂಕಿನ ಸದ್ದಿನವರೆಗೆ ಎಲ್ಲವೂ ಅಸಲಿನಂತೆಯೇ ಇರಬೇಕೆಂದು ಅವುಗಳ ನಿರ್ಮಾಪಕರು ಕೋಟಿಗಟ್ಟಲೆ ಹಣ ಸುರಿಯುತ್ತಾರೆ. ಪ್ರೇಕ್ಷಕನೂ ‘ಯುದ್ಧವೆಂದರೆ ಹೀಗೇ ಇದ್ದಿರಬೇಕು’ ಎಂದು ನಂಬಿ ಮನೆಗೆ ಮರಳುತ್ತಾನೆ. ಮೊದಲನೆಯ ಮಹಾಯುದ್ಧದಲ್ಲಿ ಕಾದಿದವರು ಈಗ ಯಾರೂ ಉಳಿದಿಲ್ಲ. ಎರಡನೆಯದರಲ್ಲಿ ಕಾದಿದವರು ಬೆರಳೆಣಿಕೆಯಷ್ಟಾಗುತ್ತಿದ್ದಾರೆ. ಅವರ ನೆನಪು ಇದ್ದ ಜಾಗದಲ್ಲಿ ಸಿನಿಮಾ ಬಂದು ಕೂರುತ್ತಿದೆ. ಆದ್ದರಿಂದಲೇ ನಿಜದಂತೆ ಕಾಣುವುದು ಮತ್ತು ನಿಜವಾಗಿರುವುದು ಇವೆರಡೂ ಒಂದೇ ಏನು ಎಂದು ಕೇಳಬೇಕಾಗಿದೆ.

ಪ್ರಶ್ನೆ ಹೊಸದಲ್ಲ. 1916ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಎಂಬ ಚಿತ್ರ ತೆರೆ ಕಂಡಿತು. ಫ್ರಾನ್ಸಿನ ಸೊಮ್ ನದಿಯ ಬಳಿ ಆ ಕದನ ಆಗಿನ್ನೂ ನಡೆದೇ ಇತ್ತು. ಜೆಫ್ರಿ ಮಾಲಿನ್ಸ್ ಮತ್ತು ಜಾನ್ ಮೆಕ್‌ಡೊವೆಲ್ ಎಂಬ ಇಬ್ಬರು ಛಾಯಾಗ್ರಾಹಕರು ರಣಭೂಮಿಗೇ ಹೋಗಿ ತೆಗೆದ ಚಿತ್ರ ಅದು. ಮೊದಲ ಆರು ವಾರಗಳಲ್ಲಿ ಬ್ರಿಟನ್ನಿನ ಸುಮಾರು 2 ಕೋಟಿ ಜನ ಅದನ್ನು ನೋಡಿದರೆಂದು ಅಂದಾಜು. ಅದರಲ್ಲೊಂದು ದೃಶ್ಯ ಹೀಗಿದೆ: ಸೈನಿಕರು ಕಂದಕದಿಂದ ಮೇಲೇರುತ್ತಾರೆ, ಒಬ್ಬ ಅಂಚಿನಲ್ಲೇ ಕುಸಿದು ಕೆಳಕ್ಕೆ ಜಾರುತ್ತಾನೆ. ನೋಡಿದವರ ಎದೆ ನಡುಗಿಸಿದ ದೃಶ್ಯ ಅದು. ಆದರೆ ಅದನ್ನು ಚಿತ್ರಿಸಿದ್ದು ರಣರಂಗದಿಂದ ದೂರದ ಒಂದು ತರಬೇತಿ ಸ್ಥಳದಲ್ಲಿ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಕೈಯಿಂದ ಹಿಡಿಕೆ ತಿರುಗಿಸಬೇಕಾದ, ಮುಕ್ಕಾಲಿಯ ಮೇಲೆ ನಿಲ್ಲಿಸಬೇಕಾದ ಭಾರದ ಕ್ಯಾಮೆರಾವನ್ನು ಗುಂಡಿನ ಮಳೆಯ ನಡುವೆ ಹೂಡುವುದು ಸಾಧ್ಯವಿರಲಿಲ್ಲ. ಅದೇ ಚಿತ್ರದ ಗಾಯಾಳುಗಳು, ಸತ್ತವರು, ದಣಿದ ಮುಖಗಳು ಎಲ್ಲವೂ ನಿಜ. ಆದರೂ ಮುಂದಿನ ಎಷ್ಟೋ ಸಾಕ್ಷ್ಯಚಿತ್ರಗಳು ಮೊದಲನೆಯ ಮಹಾಯುದ್ಧದ ಗುರುತಾಗಿ ಮತ್ತೆ ಮತ್ತೆ ಬಳಸಿದ್ದು ಆ ನಟನೆಯ ತುಣುಕನ್ನೇ.

ಎರಡನೆಯ ಮಹಾಯುದ್ಧದ ವೇಳೆಗೆ ಕ್ಯಾಮೆರಾ ಹಗುರವಾಯಿತು, ಕೈಗೆ ಬಂತು. ಇಟಲಿಯ ಒಂದು ಹಳ್ಳಿಗಾಗಿ 1943ರ ಡಿಸೆಂಬರ್‌ನಲ್ಲಿ ನಡೆದ ಕಾದಾಟವನ್ನು ಕುರಿತು ನಿರ್ದೇಶಕ ಜಾನ್ ಹ್ಯೂಸ್ಟನ್ ಅಮೆರಿಕದ ಸೇನೆಗಾಗಿ ‘ಸಾನ್ ಪಿಯೆತ್ರೊ’ ಎಂಬ ಸಾಕ್ಷ್ಯಚಿತ್ರ ತಯಾರಿಸಿದರು. ಬಾಂಬು ಸಿಡಿದಾಗ ಅದರಲ್ಲಿ ಚಿತ್ರವೇ ಅಲುಗುತ್ತದೆ. ಇದಕ್ಕಿಂತ ಸಾಚಾ ಯುದ್ಧಚಿತ್ರ ಇಲ್ಲವೆಂದು ಬಹುಕಾಲ ಎಣಿಸಲಾಗಿತ್ತು. ಅದರ ಕಾದಾಟದ ದೃಶ್ಯಗಳಲ್ಲಿ ಹೆಚ್ಚಿನವನ್ನು ಆ ಕದನ ಮುಗಿದ ಮೇಲೆ ಸೈನಿಕರಿಂದಲೇ ಮತ್ತೆ ಮಾಡಿಸಿ ತೆಗೆದದ್ದೆಂದು ನಂತರದ ಸಂಶೋಧನೆ ತೋರಿಸಿತು. ಆದರೆ ಅಷ್ಟರಲ್ಲಿ ಒಂದು ವ್ಯಾಕರಣ ಹುಟ್ಟಿಕೊಂಡಿತ್ತು. ಕ್ಯಾಮೆರಾ ನಡುಗಿದರೆ ಅದು ಸತ್ಯ, ಸ್ಥಿರವಾಗಿ ನಿಂತರೆ ಸಿನಿಮಾ ಎಂಬ ವ್ಯಾಕರಣ.

ಈ ವ್ಯಾಕರಣವನ್ನು ಪರಾಕಾಷ್ಠೆಗೆ ಒಯ್ದದ್ದು ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ (1998). 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಅಮೆರಿಕದ ಪಡೆಗಳು ಇಳಿದುದನ್ನು ಚಿತ್ರ 20ಕ್ಕೂ ಹೆಚ್ಚು ನಿಮಿಷ ತೋರಿಸುತ್ತದೆ. ಚಿತ್ರೀಕರಣ ನಡೆದದ್ದು ಐರ್ಲೆಂಡಿನ ಕಡಲತೀರದಲ್ಲಿ. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಲೆನ್ಸಿನ ಮೇಲಿನ ರಕ್ಷಣಾ ಲೇಪವನ್ನು ತೆಗೆಸಿದರು, ಬಣ್ಣಗಳನ್ನು ಪೇಲವಗೊಳಿಸಿದರು. ವಾಡಿಕೆಯಲ್ಲಿ 180 ಡಿಗ್ರಿ ಇರುವ ಶಟರಿನ ಕೋನವನ್ನು 90ಕ್ಕೆ, ಕೆಲವೆಡೆ 45ಕ್ಕೆ ಇಳಿಸಿದರು. ಹೀಗೆ ಮಾಡಿದಾಗ ಪ್ರತಿ ಚೌಕಟ್ಟಿನ ಮೇಲೆ ಬೆಳಕು ಬೀಳುವ ಸಮಯ ಕಡಿಮೆಯಾಗುತ್ತದೆ. ಚಲನೆಯ ಮಸುಕು ಮಾಯವಾಗುತ್ತದೆ. ಸಿಡಿದ ಮರಳಿನ ಒಂದೊಂದು ಕಣವೂ ಬೇರೆಯಾಗಿ ಕಾಣುತ್ತದೆ. ಚಿತ್ರ ನೋಡಿ ಕಲಕಿಹೋದ ಮಾಜಿ ಸೈನಿಕರಿಗಾಗಿ ಅಮೆರಿಕ ಸರ್ಕಾರದ ಇಲಾಖೆ ದೂರವಾಣಿ ಸಹಾಯವಾಣಿಯನ್ನೇ ತೆರೆಯಬೇಕಾಯಿತು. ಭಯದ ಮಟ್ಟಿಗೆ ಚಿತ್ರ ಸುಳ್ಳು ಹೇಳಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಒಂದು ಮಾತು. ಅಂದು ಆ ತೀರದಲ್ಲಿ ಓಡಿದವನ ಕಣ್ಣಿಗೆ ಜಗತ್ತು ಬಣ್ಣಗೆಟ್ಟು ಕಂಡಿರಲಿಲ್ಲ. ಬಣ್ಣವಿಲ್ಲದ್ದು ಅಂದಿನ ಸುದ್ದಿಚಿತ್ರಕ್ಕೆ. ಪ್ರೇಕ್ಷಕ ‘ಯಥಾರ್ಥ’ ಎಂದು ಗುರುತಿಸುವುದು ಹಳೆಯ ಸುದ್ದಿಚಿತ್ರದ ಹೋಲಿಕೆಯನ್ನು. ಇನ್ನು ಕತೆಯ ಸಂಗತಿ. ಅದಕ್ಕೆ ಪ್ರೇರಣೆ ನೈಲಂಡ್ ಎಂಬ ನಾಲ್ವರು ಸೋದರರು. ಇಬ್ಬರು ನಾರ್ಮಂಡಿಯಲ್ಲಿ ಮಡಿದರು. ಬರ್ಮಾದಲ್ಲಿ ಸತ್ತನೆಂದು ಎಣಿಸಲಾಗಿದ್ದ ಮೂರನೆಯವ 1945ರಲ್ಲಿ ಜಪಾನಿಯರ ಸೆರೆಯಿಂದ ಬದುಕಿ ಬಂದ. ನಾಲ್ಕನೆಯವನನ್ನು ಊರಿಗೆ ಕಳುಹಿಸಲು ಮುಂದಾದವರು ಸೇನೆಯ ಪಾದ್ರಿ ಫ್ರಾನ್ಸಿಸ್ ಸ್ಯಾಂಪ್ಸನ್. ಅವನನ್ನು ಹುಡುಕುತ್ತಾ ಒಂದು ತುಕಡಿ ಹೋಗಲೂ ಇಲ್ಲ, ಅವನಿಗಾಗಿ ಯಾರೂ ಪ್ರಾಣ ಕೊಡಲೂ ಇಲ್ಲ. ನಿಖರವಾದ ಮರಳು, ನಿಖರವಾದ ಗುಂಡು. ಅವುಗಳ ನಡುವೆ ಕಟ್ಟಿದ ಕತೆ. ಕತೆ ಕಟ್ಟುವುದು ಕಲಾವಿದನ ಹಕ್ಕು, ಅದರಲ್ಲಿ ತಪ್ಪಿಲ್ಲ. ಮರಳಿನ ನಿಖರತೆಯೇ ಕತೆಗೂ ಸಾಕ್ಷಿ ಹೇಳಿದಂತೆ ತೋರುವುದೇ ತೊಡಕು.

ಈ ತೊಡಕಿಗೆ ಭಾರತದ ಉದಾಹರಣೆಯೂ ಉಂಟು. ಜೆ. ಪಿ. ದತ್ತಾ ಅವರ ‘ಬಾರ್ಡರ್’ (1997) 1971ರ ಡಿಸೆಂಬರ್‌ನ ಲೋಂಗೇವಾಲಾ ಕದನವನ್ನು ಆಧರಿಸಿದೆ. ಚಿತ್ರೀಕರಣ ನಡೆದದ್ದು ರಾಜಸ್ಥಾನದ ಮರಳುಗಾಡಿನಲ್ಲೇ. ಹಾರಿದ್ದು ನಿಜವಾದ ಹಂಟರ್ ವಿಮಾನಗಳೇ. ಆದರೆ ಆ ರಾತ್ರಿ ಭಾರತದ ಕಡೆ ಮಡಿದವರು ಇಬ್ಬರು ಸೈನಿಕರು. ಚಿತ್ರದಲ್ಲಾದರೋ ಮುಖ್ಯ ಪಾತ್ರಗಳಲ್ಲೇ ಹಲವರು ಹುತಾತ್ಮರಾಗುತ್ತಾರೆ. ಅವರಲ್ಲೊಬ್ಬರು ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್. ನಿಜ ಜೀವನದ ಭೈರೋನ್ ಸಿಂಗ್ ರಾಥೋಡ್ ಕದನದಲ್ಲಿ ಬದುಕುಳಿದರು, ಸೇನಾ ಪದಕ ಪಡೆದರು, ನಿವೃತ್ತರಾಗಿ ಬಾಳಿ 2022ರಲ್ಲಿ ಜೋಧಪುರದಲ್ಲಿ ತೀರಿಕೊಂಡರು. ತೆರೆಯ ಮೇಲೆ ತಾವು ಸತ್ತ 25 ವರ್ಷಗಳ ನಂತರ! ಬದುಕಿ ಬಂದ ವೀರನಿಗಿಂತ ಮಡಿದ ವೀರ ಚಿತ್ರಕ್ಕೆ ಹೆಚ್ಚು ಬೇಕಾಗಿದ್ದ.

ಇಲ್ಲದ ಸಾವನ್ನು ಸೇರಿಸುವಂತೆಯೇ, ಇದ್ದವರನ್ನು ಬಿಟ್ಟುಬಿಡುವುದೂ ಉಂಟು. ಕ್ರಿಸ್ಟೋಫರ್ ನೋಲನ್ ಅವರ ‘ಡಂಕರ್ಕ್’ (2017) ಚಿತ್ರದಲ್ಲಿ 1940ರಲ್ಲಿ ಸೈನಿಕರನ್ನು ಕಾಪಾಡಿದ ಅಸಲಿ ದೋಣಿಗಳೂ ಇವೆ, ಹಾರುವ ಸ್ಪಿಟ್‌ಫೈರ್ ವಿಮಾನಗಳೂ ಇವೆ. ಆದರೆ ಆಗ ಬ್ರಿಟಿಷ್ ಸೇನೆಯ ಜೊತೆ ಫ್ರಾನ್ಸಿನಲ್ಲಿ ಭಾರತದ ನಾಲ್ಕು ಹೇಸರಗತ್ತೆ ಕಂಪೆನಿಗಳಿದ್ದವು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಮುಸ್ಲಿಮರು. ಒಂದು ಕಂಪೆನಿ ಜರ್ಮನರ ಸೆರೆಯಾಯಿತು. ಡಂಕರ್ಕ್‌ನಿಂದ ಹಡಗು ಹತ್ತಿದವರಲ್ಲಿ ಭಾರತೀಯರೂ ಇದ್ದರು. ಚಿತ್ರದಲ್ಲಿ ಅವರ ಸುಳಿವಿಲ್ಲ. ಪಾರಾದ 3,38,000ಕ್ಕೂ ಹೆಚ್ಚು ಜನರಲ್ಲಿ ಅವರ ಪಾಲು ಅತಿ ಚಿಕ್ಕದು ಎಂದು ಸಮಾಧಾನ ಹೇಳಬಹುದು. ಆದರೆ ದೋಣಿಯ ಹಲಗೆಗೆ ಸಿಕ್ಕ ನಿಷ್ಠೆ ಮನುಷ್ಯರಿಗೆ ಸಿಗಲಿಲ್ಲ.

ಹಾಗಾದರೆ ಯುದ್ಧದ ಸತ್ಯವನ್ನು ಸಿನಿಮಾ ಹೇಳಲಾರದೇ? ಹೇಳಬಲ್ಲದು. ಸೋವಿಯತ್ ನಿರ್ದೇಶಕ ಎಲೆಮ್ ಕ್ಲಿಮೊವ್ ಅವರ ‘ಕಮ್ ಅಂಡ್ ಸೀ’ (1985) ಸುದ್ದಿಚಿತ್ರದ ವೇಷ ಹಾಕುವುದಿಲ್ಲ. ನಾಜಿಗಳು ಬೆಲಾರೂಸಿನಲ್ಲಿ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರೆಂದು ಚಿತ್ರ ಕೊನೆಯಲ್ಲಿ ತಿಳಿಸುತ್ತದೆ. ಅದರ ಚಿತ್ರಕತೆಯಲ್ಲಿ ಕೈಜೋಡಿಸಿದ ಅಲೆಸ್ ಅದಮೊವಿಚ್ ಹದಿಹರೆಯದಲ್ಲೇ ಗೆರಿಲ್ಲಾ ಪಡೆ ಸೇರಿದ್ದವರು; ಸುಟ್ಟ ಹಳ್ಳಿಗಳಲ್ಲಿ ಉಳಿದವರ ಮಾತುಗಳನ್ನು ಸಂಗಡಿಗರೊಡನೆ ಸಂಗ್ರಹಿಸಿದ್ದವರು. ಷೆಲ್ ಸಿಡಿದ ಮೇಲೆ ಹುಡುಗನ ಕಿವಿಯಲ್ಲಿ ಮೊರೆಯುವ ಸದ್ದನ್ನೇ ಪ್ರೇಕ್ಷಕನೂ ಕೇಳುತ್ತಾನೆ; ಆ ಹುಡುಗನ ಮುಖ ನೋಡನೋಡುತ್ತ ಮುದುಕನದಾಗುತ್ತದೆ. ಇಲ್ಲಿನ ಸಾಚಾತನ ಬಂದಿರುವುದು ಬದುಕುಳಿದವರ ಮಾತಿನಿಂದ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುತ್ತದೆ ಕನ್ನಡದ ಗಾದೆ. ಯುದ್ಧಚಿತ್ರ ನೋಡುವವನು ಬಂದೂಕು ಅಸಲಿಯೇ ಎಂಬಲ್ಲಿಗೇ ನಿಲ್ಲಬಾರದು. ಇದು ನಡೆದದ್ದೇ, ಯಾರ ಕಣ್ಣಿನಿಂದ ಕಂಡದ್ದು, ಯಾರು ಕಾಣುತ್ತಿಲ್ಲ ಎಂಬುದನ್ನೂ ಕೇಳಬೇಕು. ಕ್ಲಿಂಟ್ ಈಸ್ಟ್‌ವುಡ್ 2006ರಲ್ಲಿ ಇವೋ ಜಿಮಾ ಕದನದ ಬಗ್ಗೆ ಎರಡು ಚಿತ್ರ ಮಾಡಿದರು. ಒಂದು ಅಮೆರಿಕದ ಸೈನಿಕರದು. ‘ಲೆಟರ್ಸ್ ಫ್ರಮ್ ಇವೋ ಜಿಮಾ’ ಎಂಬ ಇನ್ನೊಂದು ಜಪಾನಿಯರದು, ಬಹುಪಾಲು ಅವರ ಭಾಷೆಯಲ್ಲೇ. ಶತ್ರುವಿಗೂ ಮನೆಯಿದೆ, ಅಲ್ಲಿಗೆ ಬರೆಯಬೇಕಾದ ಕಾಗದವಿದೆ ಎಂಬುದು ಎರಡನ್ನೂ ನೋಡಿದಾಗ ತಿಳಿಯುತ್ತದೆ.

ಕನ್ನಡಕ್ಕೆ ಇದು ಅಪರಿಚಿತವಲ್ಲ. ಸಾವಿರ ವರ್ಷಗಳ ಹಿಂದೆ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸಿದ. ರಕ್ತ, ಮುರಿದ ರಥ, ಬಿದ್ದ ಆನೆ ಎಲ್ಲವೂ ಅಲ್ಲಿವೆ. ಆ ದಾರಿಯಲ್ಲಿ ಸಿಗುವವರು ದುರ್ಯೋಧನನ ಕಡೆಯವರು ಮಾತ್ರವಲ್ಲ, ಅಭಿಮನ್ಯುವೂ ಸಿಗುತ್ತಾನೆ. ಶತ್ರುವಿನ ಮಗನ ಹೆಣದೆದುರು ನಿಂತ ದುರ್ಯೋಧನ ಅವನ ಶೌರ್ಯವನ್ನು ಹೊಗಳಿ, ಅಂಥದೇ ಮರಣ ತನಗೂ ಬರಲೆಂದು ಬೇಡಿಕೊಂಡು, ಮುಂದಕ್ಕೆ ನಡೆಯುತ್ತಾನೆ.