ಹುಲಿ ಬೇಕಾ, ಹುಳಿ ಬೇಕಾ? ಮಕ್ಕಳ ಉಚ್ಚಾರಣೆಗೆ ಹತ್ತು ಕಾರ್ಡಿನ ಆಟ

ಪುಣೆಯ ಭೋಸರಿಯಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಕೋಡಿಂಗ್ ಅಲ್ಲ, ನಮ್ಮ ಮಕ್ಕಳ ನಾಲಿಗೆ.

ನನ್ನ ಮಗಳಿಗೆ 5 ವರ್ಷ. ಫೋನಲ್ಲಿ ಅಜ್ಜಿಗೆ "ಹುಲಿ ಅನ್ನ ತಿಂದೆ" ಅಂತಾಳೆ. ಆ ಕಡೆಯವರೆಲ್ಲ ನಗ್ತಾರೆ. ಪ್ರೀತಿಯ ನಗುನೇ. ಆದ್ರೆ ಎರಡು ಸಲ ನಕ್ಕರೆ ಮೂರನೇ ಸಲ ಮಗು ಹಿಂದಿಗೆ ಜಾರುತ್ತೆ. ಅಜ್ಜಿಗೆ ಹಿಂದಿ ಬರಲ್ಲ. ಮಾತು ಅಲ್ಲಿಗೇ ನಿಲ್ಲುತ್ತೆ. ನಮ್ಮಲ್ಲಿ ಬಹಳ ಮನೆಗಳ ಕಥೆ ಇದು.

"ಳ ಅನ್ನು, ಳ ಅನ್ನು" ಅಂತ ಒತ್ತಾಯ ಮಾಡಿದ್ರೆ ಮಕ್ಕಳು ಬಾಯಿ ಮುಚ್ಚಿಕೊಳ್ತಾರೆ. ಅಂಗಡಿಯ ಇಂಗ್ಲಿಷ್ ಕಾರ್ಡುಗಳಲ್ಲಿ ಈ ಧ್ವನಿಯೇ ಇರಲ್ಲ. ಹಾಗಾಗಿ ನಾವೇ ಮಾಡ್ಕೋಬೇಕು. ಒಂದೇ ಧ್ವನಿ ಬದಲಾದ್ರೆ ಅರ್ಥವೇ ಬದಲಾಗೋ ಪದಗಳನ್ನು ಆರಿಸಿ: ಹುಲಿ–ಹುಳಿ, ಬಲೆ–ಬಳೆ, ಕಾಲು–ಕಾಳು, ಹಲ್ಲಿ–ಹಳ್ಳಿ, ಅನ್ನ–ಅಣ್ಣ. ಐದು ಜೋಡಿ, ಹತ್ತು ಕಾರ್ಡು. ಚಿತ್ರ ಮಗುವೇ ಬಿಡಿಸಲಿ. ವಾಕ್ ಚಿಕಿತ್ಸಕರು ಬಹಳ ಕಾಲದಿಂದ ಬಳಸುತ್ತಿರುವ ವಿಧಾನ ಇದು.

ಮೊದಲ ಆಟ ಕಿವಿಗೆ. ನೀವು "ಬಳೆ" ಅನ್ನಿ, ಮಗು ಕಾರ್ಡು ಎತ್ತಲಿ. ವ್ಯತ್ಯಾಸ ಕೇಳಿಸದೆ ನಾಲಿಗೆಗೆ ಬರೋದು ಕಷ್ಟ.

ಎರಡನೇ ಆಟ ನಾಲಿಗೆಗೆ. ಈಗ ಮಗು ಹೇಳುತ್ತೆ, ನೀವು ಎತ್ತುತ್ತೀರಿ. ಬಳೆ ಬೇಕು ಅಂದ್ಕೊಂಡು "ಬಲೆ" ಅಂದ್ರೆ ಬಲೆಯನ್ನೇ ಕೊಡಿ. ಬೈಯಬೇಡಿ, ತಿದ್ದಬೇಡಿ. ಬೇಕಾದ್ದು ಸಿಗಲಿಲ್ಲ ಅಂತ ಮಗುವೇ ಇನ್ನೊಂದು ಸಲ ಪ್ರಯತ್ನಿಸುತ್ತೆ. ಆಗ ನಾಲಿಗೆಯ ಜಾಗ ತೋರಿಸಿ: ಲ ಅನ್ನೋಕೆ ತುದಿ ಮೇಲಿನ ಹಲ್ಲಿನ ಹಿಂದೆ, ಳ ಅನ್ನೋಕೆ ತುದಿ ಹಿಂದಕ್ಕೆ ಮಡಚಿ ಅಂಗಳಕ್ಕೆ.

ಮೂರನೇದು ವಾಕ್ಯ. ಕಾರ್ಡು ಹಂಚಿಕೊಂಡು "ನಿನ್ನ ಹತ್ರ ಹಳ್ಳಿ ಇದೆಯಾ?" ಅಂತ ಕೇಳಿ ಜೋಡಿ ಕೂಡಿಸೋದು. ದಿನಕ್ಕೆ ಹತ್ತು ನಿಮಿಷ ಸಾಕು. ಬೇಜಾರಾಗೋ ಮುಂಚೆ ನಿಲ್ಲಿಸಿ.

ಪುಣೆಯಲ್ಲಿರೋರಿಗೆ ಒಂದು ಅನುಕೂಲ ಇದೆ. ಇವತ್ತಿನ ಹಿಂದಿ ಮಾತಲ್ಲಿ ಳ ಇಲ್ಲ, ಮರಾಠಿಯಲ್ಲಿ ಇದೆ. ಶಾಳಾ, ಸಕಾಳ್, ಕೇಳಿ ಅಂತ ಮಕ್ಕಳು ದಿನಾ ಕೇಳ್ತಾರೆ. "ಶಾಳಾದಲ್ಲಿ ಬರೋ ಳ ಇದೇ ಕಣಮ್ಮಾ" ಅನ್ನಿ, ಅರ್ಧ ಕೆಲಸ ಆಯ್ತು. ಇನ್ನು, ನಿಮ್ಮೂರಲ್ಲಿ ಹಾಲಿಗೆ "ಆಲು" ಅಂತಿದ್ರೆ ಅದು ದೋಷ ಅಲ್ಲ, ಊರಿನ ಮಾತು. ಅದನ್ನು ತಿದ್ದೋಕೆ ಹೋಗಬೇಡಿ.

ರ, ಳ ಧ್ವನಿಗಳು ಪ, ಮಗಳಿಗಿಂತ ತಡವಾಗೇ ಬರುತ್ತವೆ, ಗಾಬರಿ ಬೇಡ. ಆದ್ರೆ ಮಗುವಿಗೆ ಸರಿಯಾಗಿ ಕೇಳಿಸ್ತಿಲ್ಲ ಅನ್ನೋ ಅನುಮಾನ ಇದ್ರೆ, ಅಥವಾ ಮಾತು ಮನೆಯವರಿಗೂ ಅರ್ಥ ಆಗ್ತಿಲ್ಲ ಅಂದ್ರೆ, ಆಟ ಸಾಲದು. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಊರಿಗೆ ಹೋದಾಗ ಕನ್ನಡದಲ್ಲೇ ತೋರಿಸಬೇಕು ಅಂದ್ರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

"ಮನೇಲಿ ಕನ್ನಡ ನಿಲ್ಲಿಸಿ, ಮಗು ಗೊಂದಲ ಮಾಡ್ಕೊಳ್ತಿದೆ" ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಎರಡು ಮೂರು ಭಾಷೆ ಕೇಳೋದ್ರಿಂದ ಉಚ್ಚಾರಣೆಯ ದೋಷ ಹುಟ್ಟಲ್ಲ. ಕನ್ನಡ ನಿಲ್ಲಿಸಿದ್ರೆ ಹೋಗೋದು ಅಜ್ಜಿಯ ಜೊತೆಗಿನ ಮಾತು.

ಇವತ್ತು ರಾತ್ರಿ ನಾಲ್ಕೇ ಕಾರ್ಡು ಬರೆದು ಶುರು ಮಾಡಿ. ಊರಿನವರಿಗೂ ಒಂದು ಮಾತು ಹೇಳಿ: ಮಗು ತಪ್ಪು ಹೇಳಿದಾಗ ನಗಬೇಡಿ, ನೀವೂ ಆಟಕ್ಕೆ ಸೇರ್ಕೊಳ್ಳಿ ಅಂತ.