ದುರ್ಯೋಧನನ ಪಾತ್ರಕ್ಕೇ ಹೆಚ್ಚು ಹಣವೇಕೆ?

(ಯಶವಂತಪುರದಲ್ಲಿ ಗಿರಣಿ ಕೆಲಸಗಾರರು ಮತ್ತು ಚಿಲ್ಲರೆ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವುದನ್ನು ನೀವೆಲ್ಲರೂ ಬಲ್ಲಿರಿ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಮಗ್ಗದವರು, ಒಕ್ಕಲಿನವರು, ಗಾರೆ ಕೆಲಸದವರು ರಾತ್ರಿ ಕುಳಿತು ಪದ್ಯ ಕಲಿಯುತ್ತಾರೆ. ಖರ್ಚಿಗೆಂದು ಒಂದೊಂದು ಪಾತ್ರಕ್ಕೆ ಇಷ್ಟಿಷ್ಟೆಂದು ಹಣ ಕಟ್ಟುತ್ತಾರೆ. ಧರ್ಮರಾಯನಾಗಲು ಅಷ್ಟು ಪೈಪೋಟಿ ಇಲ್ಲ. ಪೈಪೋಟಿಯೆಲ್ಲ ದುರ್ಯೋಧನನಿಗೆ, ಹೆಚ್ಚಿನ ಹಣವೂ ಅವನಿಗೇ. ತಪ್ಪಿತಸ್ಥನ, ಕೊನೆಗೆ ತೊಡೆ ಮುರಿದು ಬೀಳುವವನ ವೇಷಕ್ಕೆ ನಮ್ಮ ಜನ ದುಡಿದ ಕೂಲಿಯನ್ನು ಏಕೆ ಸುರಿಯುತ್ತಾರೆ?

ಕಾರಣ ಸರಳವಾದುದು. ವರ್ಷವೆಲ್ಲ ತಲೆ ಬಗ್ಗಿಸಿ ದುಡಿಯುವವನಿಗೆ ಒಂದು ರಾತ್ರಿಯಾದರೂ ತಲೆ ಎತ್ತಿ ನಿಲ್ಲಬೇಕೆನಿಸುತ್ತದೆ. ಮೇಸ್ತ್ರಿಯ ಮುಂದೆ ಆಡಲಾರದ ಮಾತನ್ನು ಅವನು ಕಿರೀಟ ಹೊತ್ತು ರಂಗದ ಮೇಲೆ ಆಡುತ್ತಾನೆ. ಇದರಲ್ಲಿ ನಗುವಂಥದೇನೂ ಇಲ್ಲ.

ಈ ಒಲವು ಇಂದಿನದೂ ಅಲ್ಲ. ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ ಬರೆದ ರನ್ನ ಮುಧೋಳದ ಬಳೆಗಾರರ ಮನೆಯ ಮಗ. ಇಲ್ಲಿ ಕುಳಿತಿರುವ ವರ್ತಕರು ಅವನನ್ನು ತಮ್ಮವನೆಂದು ಹೇಳಿಕೊಳ್ಳಬಹುದು. ಆತ ಚಾಳುಕ್ಯರ ಆಸ್ಥಾನ ಸೇರಿದ. ತನ್ನ ಒಡೆಯನಾದ ಸತ್ಯಾಶ್ರಯನನ್ನು ಭೀಮನಿಗೆ ಸಮನಾಗಿಸಿ ಕಾವ್ಯ ಕಟ್ಟಿದ. ಅನ್ನ ಕೊಟ್ಟವನು ಭೀಮ; ಆದರೂ ಓದಿದವರ ಮನಸ್ಸು ಹೋಗುವುದು ದುರ್ಯೋಧನನ ಕಡೆಗೆ.

ಹಾಗೆಂದು ರನ್ನ ಅವನ ತಪ್ಪನ್ನು ಮುಚ್ಚಲಿಲ್ಲ. ಯುದ್ಧ ಮುಗಿಯುತ್ತ ಬಂದಾಗ ಅವನನ್ನು ಸಂಜಯನ ಜೊತೆ ರಣರಂಗದಲ್ಲಿ ನಡೆಸುತ್ತಾನೆ. ಅಲ್ಲಿ ದ್ರೋಣನ ಹೆಣವಿದೆ, ಮಗ ಲಕ್ಷಣಕುಮಾರನ ಹೆಣವಿದೆ, ದುಶ್ಶಾಸನನದಿದೆ, ಕರ್ಣನದಿದೆ. ಹಗೆಯ ಮಗ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಅವನು ಅದರ ಶೌರ್ಯವನ್ನು ಹೊಗಳುತ್ತಾನೆ. ಆ ಮೇಲೂ ಸಂಧಿಗೆ ಒಪ್ಪುವುದಿಲ್ಲ. ಅವನ ದೊಡ್ಡತನವೂ ಅವನ ಕೇಡೂ ಒಂದೇ ಛಲದಿಂದ ಬಂದವು. ಆ ಛಲಕ್ಕೆ ಯಾರು ಯಾರು ಬೆಲೆ ತೆತ್ತರೆಂಬ ಲೆಕ್ಕವನ್ನು ಕವಿ ನಮ್ಮ ಮುಂದಿಡುತ್ತಾನೆ.

ಈಗಿನ ಟೀವಿಯಲ್ಲೂ ಮೊಬೈಲಿನಲ್ಲೂ ಇಂಥ ನಾಯಕರೇ ತುಂಬಿದ್ದಾರೆ. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎಂದು ನಾವು ಹೇಳುವುದಿಲ್ಲ. 2008ರಿಂದ 2013ರವರೆಗೆ ಅಮೆರಿಕದಲ್ಲಿ ‘ಬ್ರೇಕಿಂಗ್ ಬ್ಯಾಡ್’ ಎಂಬ ಧಾರಾವಾಹಿ ಬಂತು. ಅದರ ನಾಯಕ ನಮ್ಮ ಹಾಗೆ ಒಬ್ಬ ಮೇಷ್ಟ್ರು. ರಸಾಯನ ಶಾಸ್ತ್ರ ಕಲಿಸುವವನು. ಕ್ಯಾನ್ಸರ್ ತಗುಲುತ್ತದೆ. ಹೆಂಡತಿ ಮಕ್ಕಳಿಗೆಂದು ಮಾದಕ ದ್ರವ್ಯ ತಯಾರಿಸಲು ಇಳಿಯುತ್ತಾನೆ. ಹಳೆಯ ಸ್ನೇಹಿತರು ಚಿಕಿತ್ಸೆಯ ಖರ್ಚು ಕೊಡುತ್ತೇವೆಂದರೂ ಬಿಂಕದಿಂದ ಬೇಡವೆನ್ನುತ್ತಾನೆ. ಎಷ್ಟೋ ಜೀವ ಹೋದ ಮೇಲೆ, ಇದನ್ನೆಲ್ಲ ಮಾಡಿದ್ದು ಸಂಸಾರಕ್ಕಲ್ಲ, ತನಗಾಗಿಯೇ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ. ಇಲ್ಲಿಯೂ ಲೆಕ್ಕ ಇದೆ.

ನಮ್ಮ ನಾಡಿನದೇ ‘ಕೆಜಿಎಫ್’ ಚಿತ್ರವನ್ನು ನೋಡೋಣ. ಅದು 2018ರಲ್ಲೊಂದು, 2022ರಲ್ಲೊಂದು ಭಾಗವಾಗಿ ಬಂತು. ಬಡವರ ಹುಡುಗನೊಬ್ಬ ಗಣಿಯ ಕ್ರೂರ ಒಡೆಯನನ್ನು ಕೊಲ್ಲುತ್ತಾನೆ. ಗುಲಾಮರು ಅವನನ್ನು ದೇವರೆನ್ನುತ್ತಾರೆ. ನಾವೂ ಚಪ್ಪಾಳೆ ತಟ್ಟಿದೆವು. ಎರಡನೆಯ ಭಾಗದಲ್ಲಿ ಅವನೇ ಗಣಿಯ ಯಜಮಾನ. ಜನ ಅಗೆಯುತ್ತಲೇ ಇದ್ದಾರೆ, ಚಿನ್ನ ಅವನ ಪಾಲು. ಕೊನೆಗೆ ಅದು ಅವನ ಜೊತೆಯೇ ಕಡಲು ಸೇರುತ್ತದೆ. ಅಗೆದವರಿಗೆ ಏನು ಬಂತೆಂದು ಎಷ್ಟು ಜನ ಕೇಳಿದೆವು? ನಿಜವಾದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸಾವಿರಾರು ಸಂಸಾರಗಳ ಬದುಕು ಕೆಟ್ಟಿತು. ಅವರನ್ನು ಬಿಡಿಸಲು ಯಾವ ಒಂಟಿ ವೀರನೂ ಬರಲಿಲ್ಲ. ಅಷ್ಟು ವರ್ಷ ಅವರಿಗೆ ದಕ್ಕಿದ ಅಷ್ಟಿಷ್ಟೂ ಸಂಘ ಕಟ್ಟಿ ಪಡೆದದ್ದು.

ಇದು ಬರಿಯ ಸಿನಿಮಾ ಮಾತೆಂದು ತಿಳಿಯಬೇಡಿ. ನಮ್ಮ ಕೈಯಲ್ಲಿ ಪಾಠ ಕಲಿತ ಹುಡುಗನೊಬ್ಬ, ಜಾಣ, ಕೆಲಸ ಹೋದ ಮೇಲೆ ಮೀಟರ್ ಬಡ್ಡಿಯವನೊಬ್ಬನ ವಸೂಲಿಗೆ ಸೇರಿದ. ತಳ್ಳುಗಾಡಿಯವರ ತಕ್ಕಡಿ ಕಿತ್ತುಕೊಳ್ಳುವುದು ಅವನ ಕೆಲಸ. ನಾವು ಕೇಳಿದಾಗ, “ಸಾರ್, ಬಡವ ಮೇಲೆ ಬರೋದು ಹೀಗೇ” ಎಂದ. ಅವನ ತಾಯಿಯೂ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿ ಅವನನ್ನು ಓದಿಸಿದವಳು. ಅದನ್ನು ನೆನಪಿಸಿದೆವು. ಅವನು ಉತ್ತರ ಕೊಡಲಿಲ್ಲ; ಕೆಲಸವನ್ನೂ ಬಿಡಲಿಲ್ಲ. ತಪ್ಪು ಅವನೊಬ್ಬನದೇ ಅಲ್ಲ. ಕೆಲಸ ಹೋದ ದಿನ ನಮ್ಮ ಸಂಘ ಅವನ ಮನೆಗೆ ಹೋಗಲಿಲ್ಲ, ಬಡ್ಡಿಯವನು ಹೋದ.

ಒಂದು ಮಾತನ್ನು ರನ್ನನ ವಿಷಯದಲ್ಲೂ ಹೇಳಬೇಕು. ಅವನ ದುರ್ಯೋಧನ ಹೆಸರು ಹಿಡಿದು ಅಳುವುದು ಗುರುವಿಗೆ, ಮಗನಿಗೆ, ತಮ್ಮನಿಗೆ, ಗೆಳೆಯನಿಗೆ. ಆ ಬಯಲಿನಲ್ಲಿ ಬಿದ್ದ ಕಾಲಾಳುಗಳಿಗೂ ಮನೆಯಿತ್ತು. ಅವರ ಲೆಕ್ಕ ಬರೆಯುವ ಕೆಲಸ ನಮಗೆ ಉಳಿದಿದೆ.

ಆದುದರಿಂದ ದುರ್ಯೋಧನನ ವೇಷ ಹಾಕಬೇಡಿ, ಟೀವಿ ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಹಾಕಿ, ನೋಡಿ. ನೋಡಿದ ಮೇಲೆ, ಇವನು ಏರಿದ್ದು ಯಾರ ಹೆಗಲ ಮೇಲೆ ಎಂದು ಮಕ್ಕಳ ಜೊತೆ ಕುಳಿತು ಮಾತಾಡಿ. ಇದೇ ಪ್ರಶ್ನೆಯನ್ನು ಓಟು ಕೇಳಲು ಬರುವ ನಾಯಕರಿಗೂ ಹಾಕಿ; ನಮ್ಮ ಪಕ್ಷದವರನ್ನೂ ಬಿಡಬೇಡಿ. ಮತ್ತೆ, ನಿಮ್ಮ ಬೀದಿಯಲ್ಲಿ ಯಾರಿಗಾದರೂ ಕೆಲಸ ಹೋದರೆ ಅಂದೇ ಸಂಜೆ ನಮಗೆ ತಿಳಿಸಿ. ಈ ಸಲ ಬಡ್ಡಿಯವನಿಗಿಂತ ಮೊದಲು ನಾವು ಅಲ್ಲಿರಬೇಕು.